ಪದವಿಯ ವಿಷಯ ಆರಿಸುವ ಮುನ್ನ ಯಾರನ್ನು ಭೇಟಿಯಾಗಬೇಕು?

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಬೆನ್ನಿಗೇ ಮನೆಗಳಲ್ಲಿ ಪದವಿಯ ಚರ್ಚೆ ಆರಂಭವಾಗುತ್ತದೆ. ಅಂಕ, ಶುಲ್ಕ, ಕಾಲೇಜಿನ ಹೆಸರು ಇವೆಲ್ಲವೂ ಮಾತಿಗೆ ಬರುತ್ತವೆ. ಆದರೆ ಆ ವಿಷಯ ಓದಿದವರು ಈಗ ಏನು ಕೆಲಸ ಮಾಡುತ್ತಿದ್ದಾರೆ ಎಂದು ಅವರನ್ನೇ ಕೇಳಿ ತಿಳಿಯುವ ಪ್ರಯತ್ನ ಕಡಿಮೆ. ಆಯ್ಕೆ ಆರಂಭವಾಗಬೇಕಾದದ್ದು ಅಲ್ಲಿಂದಲೇ. ಈ ಹಂತದಲ್ಲಿ ಆಗುವ ಪರಿಚಯಗಳು ಮುಂದೆ ಉದ್ಯೋಗ ಹುಡುಕುವಾಗಲೂ ನೆರವಿಗೆ ಬರುತ್ತವೆ.

ಮೊದಲು ಮಾಡಬೇಕಾದದ್ದು, ನಿರ್ದಿಷ್ಟ ವಿಷಯ ಕಡ್ಡಾಯವಾಗಿರುವ ಉದ್ಯೋಗಗಳನ್ನೂ ಯಾವುದೇ ಪದವಿ ಸಾಕಾಗುವ ಉದ್ಯೋಗಗಳನ್ನೂ ಬೇರ್ಪಡಿಸುವುದು. ಕೆಎಎಸ್ ಪರೀಕ್ಷೆಗೆ ಯಾವುದೇ ಪದವಿ ಸಾಕು. ಆದರೆ ಭಾರತೀಯ ಸಂಖ್ಯಾಶಾಸ್ತ್ರ ಸೇವೆಗೆ ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿರಬೇಕು, ಇಲ್ಲವೇ ಅದರಲ್ಲಿ ಸ್ನಾತಕೋತ್ತರ ಪದವಿ ಇರಬೇಕು. ಭಾರತೀಯ ಆರ್ಥಿಕ ಸೇವೆಗೆ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಯೇ ಬೇಕು. ನಿರ್ದಿಷ್ಟ ವಿಷಯ ಕಡ್ಡಾಯವಾಗಿರುವ ಉದ್ಯೋಗವನ್ನು ಬಯಸುವವರು ವಿಷಯ ಸಂಯೋಜನೆಯಲ್ಲಿ ರಾಜಿ ಮಾಡಿಕೊಳ್ಳಬಾರದು. ಯಾವುದೇ ಪದವಿ ಸಾಕಾಗುವ ಉದ್ಯೋಗವನ್ನು ಬಯಸುವವರು ಮೂರು ವರ್ಷ ಆಸಕ್ತಿಯಿಂದ ಓದಬಲ್ಲ ವಿಷಯವನ್ನು ನಿಶ್ಚಿಂತೆಯಿಂದ ಆರಿಸಿಕೊಳ್ಳಬಹುದು.

ನಂತರ, ಮನಸ್ಸಿನಲ್ಲಿರುವ ಪ್ರತಿಯೊಂದು ವಿಷಯಕ್ಕೂ ಮೂವರನ್ನು ಹುಡುಕಿ: ಈಗ ಅದನ್ನು ಓದುತ್ತಿರುವ ಒಬ್ಬರು, ಓದು ಮುಗಿಸಿ ಎರಡು ಮೂರು ವರ್ಷವಾದ ಒಬ್ಬರು, ಆ ಕ್ಷೇತ್ರದಲ್ಲಿ ಹತ್ತು ವರ್ಷ ದುಡಿದ ಒಬ್ಬರು. ‘ಈ ಕೋರ್ಸ್ ಚೆನ್ನಾಗಿದೆಯೇ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವಷ್ಟೇ ಸಿಗುತ್ತದೆ. ಅದರ ಬದಲು, ನಿನ್ನೆ ಬೆಳಿಗ್ಗೆಯಿಂದ ಸಂಜೆಯವರೆಗೆ ಏನೇನು ಕೆಲಸ ಮಾಡಿದಿರಿ, ಮೊದಲ ಕೆಲಸ ಸಿಗಲು ಎಷ್ಟು ತಿಂಗಳು ಕಾಯಬೇಕಾಯಿತು, ಪದವಿಯಲ್ಲಿ ಕಲಿಯದೆ ಹೊರಗೆ ಕಲಿಯಬೇಕಾಗಿ ಬಂದದ್ದು ಯಾವುದು ಎಂದು ಕೇಳಿ. ಪಠ್ಯಕ್ರಮದ ಮಟ್ಟಿಗೆ ಮಾತ್ರ ಹಿರಿಯರ ಅನುಭವವನ್ನು ಪೂರ್ತಿ ನೆಚ್ಚಿಕೊಳ್ಳಬೇಡಿ. ಕರ್ನಾಟಕದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷಗಳ ಪದವಿ ವ್ಯವಸ್ಥೆಯನ್ನು ಕೈಬಿಟ್ಟು 2024-25ರಿಂದ ಮೂರು ವರ್ಷಗಳ ಪದವಿಗೆ ಮರಳಲಾಗಿದೆಯಾದ್ದರಿಂದ, ಅವರು ಓದಿದ ಚೌಕಟ್ಟೂ ನಿಮ್ಮದೂ ಬೇರೆಯಾಗಿರಬಹುದು.

ಇಷ್ಟು ಜನರ ಪರಿಚಯವಾದರೂ ಎಲ್ಲಿದೆ ಎಂಬುದು ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತುವವರ ನ್ಯಾಯವಾದ ಪ್ರಶ್ನೆ. ಪಿಯು ಕಾಲೇಜಿನ ಉಪನ್ಯಾಸಕರಿಗೆ ಹಳೆಯ ವಿದ್ಯಾರ್ಥಿಗಳ ಸಂಪರ್ಕವಿರುತ್ತದೆ. ಊರಿನ ಬ್ಯಾಂಕ್ ವ್ಯವಸ್ಥಾಪಕರು, ಕೃಷಿ ಅಧಿಕಾರಿ, ಲೆಕ್ಕಪರಿಶೋಧಕರು ಮುಂತಾದವರು ಬಿಡುವಿನ ವೇಳೆಯಲ್ಲಿ ಕೇಳಿದರೆ ಸಾಮಾನ್ಯವಾಗಿ ಮಾತನಾಡುತ್ತಾರೆ. ಉದ್ಯೋಗಸ್ಥರ ಜಾಲತಾಣವಾದ ಲಿಂಕ್ಡ್‌ಇನ್‌ನಲ್ಲಿ ಬರೆಯುವುದಾದರೆ ನೀವು ಯಾರು, ಅವರನ್ನೇ ಏಕೆ ಕೇಳುತ್ತಿದ್ದೀರಿ, ಎಷ್ಟು ಸಮಯ ಬೇಕು ಎಂಬುದನ್ನು ನಾಲ್ಕು ಸಾಲಿನಲ್ಲಿ ತಿಳಿಸಿ. ಮೊದಲ ಸಂದೇಶದಲ್ಲೇ ಕೆಲಸ ಕೇಳಬೇಡಿ.

ಹೀಗೆ ಆಗುವ ಪರಿಚಯ ಗಾಢವಾಗಿರಲೇಬೇಕೆಂದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಬಾಸ್ಟನ್ ಬಳಿ ನಡೆಸಿದ ಅಧ್ಯಯನದ ವಿವರಗಳನ್ನು 1973ರಲ್ಲಿ ಪ್ರಕಟಿಸಿದರು. ಪರಿಚಿತರ ಮೂಲಕ ಕೆಲಸ ಪಡೆದವರಲ್ಲಿ, ಆ ಪರಿಚಿತರನ್ನು ಆಗಾಗ ಭೇಟಿಯಾಗುತ್ತಿದ್ದವರು ಸುಮಾರು ಶೇ 17ರಷ್ಟು ಮಾತ್ರ. ಉಳಿದವರು ಯಾವಾಗಲೋ ಒಮ್ಮೆ ಭೇಟಿಯಾಗುತ್ತಿದ್ದವರು. ಆಪ್ತ ಗೆಳೆಯರಿಗೆ ತಿಳಿದಿರುವ ಸುದ್ದಿ ಬಹುಮಟ್ಟಿಗೆ ನಮಗೂ ತಿಳಿದಿರುತ್ತದೆ, ಹೊಸ ಸುದ್ದಿ ಬರುವುದು ಬೇರೆ ವಲಯದಲ್ಲಿ ಓಡಾಡುವವರಿಂದ ಎಂಬುದು ಅವರ ವಿವರಣೆ. ಇದನ್ನು ವಶೀಲಿಯೆಂದು ಭಾವಿಸಿ ಹಿಂಜರಿಯುವ ಅಗತ್ಯವಿಲ್ಲ. ಎಲ್ಲಿ ಹುದ್ದೆ ಖಾಲಿಯಿದೆ, ಅಲ್ಲಿ ಯಾವ ಕೌಶಲ ಬೇಕು ಎಂದು ಪರಿಚಿತರು ತಿಳಿಸಬಹುದು. ಸಂದರ್ಶನವನ್ನು ಎದುರಿಸಬೇಕಾದವರು ನೀವೇ.

ಪದವಿಗೆ ಸೇರಿದ ಮೇಲೆ, ಸಲಹೆ ಕೊಟ್ಟವರಿಗೆಲ್ಲ ಯಾವ ವಿಷಯ ಆರಿಸಿಕೊಂಡಿರಿ ಎಂದು ತಿಳಿಸಿ. ವರ್ಷಕ್ಕೆ ಒಂದೆರಡು ಬಾರಿ ನಿಮ್ಮ ಓದಿನ ಸುದ್ದಿ ಹೇಳಿ, ರಜೆಯಲ್ಲಿ ಅವರ ಕಚೇರಿಯಲ್ಲಿ ಕೆಲವು ದಿನ ಕೆಲಸ ಕಲಿಯಬಹುದೇ ಎಂದು ವಿಚಾರಿಸಿ. ಅಂತಿಮ ವರ್ಷದಲ್ಲಿ ಕಾಲೇಜಿನ ಉದ್ಯೋಗ ಮಾಹಿತಿ ಘಟಕವನ್ನಷ್ಟೇ ನಂಬಿ ಕೂರದೆ, ಪದವೀಧರರಿಗೆ ಶಿಷ್ಯವೇತನದೊಂದಿಗೆ ತರಬೇತಿ ಕೊಡಿಸುವ ಕೇಂದ್ರ ಸರ್ಕಾರದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯ ಬಗ್ಗೆಯೂ ಅವರಲ್ಲಿ ಕೇಳಿ, ಯಾವ ಸಂಸ್ಥೆಗೆ ಅರ್ಜಿ ಹಾಕುವುದು ಸೂಕ್ತ ಎಂಬ ಅಭಿಪ್ರಾಯ ಪಡೆಯಿರಿ.