ಬಿಸ್ಕತ್ತಿನ ಡಬ್ಬಿಯಲ್ಲಿರುವ ನೆಗೆಟಿವ್‌ಗಳನ್ನು ಮನೆಯಲ್ಲೇ ಡಿಜಿಟಲ್‌ಗೆ ತರುವ ಬಗೆ

ಊರಿನವರಿಗೆ ಮೋರಿ ಎಂದರೆ ಚರಂಡಿ. ಮುಂಬೈಯಲ್ಲಿ ಅದು ಚಾಳಿನ ಖೋಲಿಯ ಮೂಲೆಯಲ್ಲಿ ಪಾತ್ರೆ ತೊಳೆಯುವ, ಸ್ನಾನ ಮಾಡುವ ಜಾಗ. ಪರೇಲಿನ ಅಂಥದೊಂದು ಮೋರಿ 1976ರಿಂದ ಹದಿನಾಲ್ಕು ವರ್ಷ ನನ್ನ ಡಾರ್ಕ್‌ರೂಮ್ ಆಗಿತ್ತು. ರಾತ್ರಿ ಹತ್ತರ ಮೇಲೆ ಕಿಟಕಿಗೆ ಕಂಬಳಿ, ಜೀರೋ ಬಲ್ಬಿಗೆ ಕೆಂಪು ಕಾಗದ, ನೆಲದ ಮೇಲೆ ಮೂರು ಟ್ರೇ. ಪ್ರಿಂಟ್‌ಗಳನ್ನು ಬಕೆಟಿನಲ್ಲಿ ನೆನೆಹಾಕಿ ಮಲಗಿ, ಬೆಳಗಿನ ಜಾವ ನಲ್ಲಿಗೆ ನೀರು ಬಂದಾಗ ಎದ್ದು ತೊಳೆಯುತ್ತಿದ್ದೆ. ಆ ದಿನಗಳ ಸುಮಾರು ಎರಡು ಸಾವಿರ ನೆಗೆಟಿವ್‌ಗಳು ಮೂರು ಬಿಸ್ಕತ್ತಿನ ಡಬ್ಬಿಗಳಲ್ಲಿ ಉಳಿದಿದ್ದವು. ಹೆಚ್ಚಿನವು ಪೂರ್ವ ಜರ್ಮನಿಯ ಓರ್ವೊ, ಕೆಲವು ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್‌ನ ‘ಇಂದು’. ಎರಡು ಚಳಿಗಾಲ ಕುಳಿತು ಅವುಗಳಲ್ಲಿ ಬೇಕಾದವನ್ನು ಡಿಜಿಟಲ್ ಕ್ಯಾಮರಾದಿಂದ ಮರುಚಿತ್ರಿಸಿದೆ. ನಿಮ್ಮ ಮನೆಯ ಅಟ್ಟದಲ್ಲೂ ಅಂಥ ಡಬ್ಬಿಯಿದ್ದರೆ ಹೀಗೆ ಮಾಡಿ.

ಮೊದಲ ಮಾತು: ಮಳೆಗಾಲದಲ್ಲಿ ಡಬ್ಬಿ ತೆರೆಯಬೇಡಿ. ಫಿಲಂ ಮೇಲಿನ ಜೆಲಾಟಿನ್ ತೇವ ಹೀರಿ ಮೆತ್ತಗಾಗುತ್ತದೆ, ಒಂದಕ್ಕೊಂದು ಅಂಟುತ್ತದೆ. ಮುಂಬೈಗೆ ಡಿಸೆಂಬರ್‌ನಿಂದ ಫೆಬ್ರುವರಿಯ ತನಕ ಒಳ್ಳೆಯ ಕಾಲ. ಮುಚ್ಚಳ ತೆಗೆದ ಕೂಡಲೇ ಮೂಸಿ ನೋಡಿ. ವಿನೆಗರ್ ವಾಸನೆ ಹೊಡೆದರೆ ಆ ಸುರುಳಿಯ ಅಸಿಟೇಟ್, ಅಂದರೆ ಫಿಲಂನ ಪ್ಲಾಸ್ಟಿಕ್ ಹಾಳೆ, ಕೊಳೆಯಲು ಶುರುವಾಗಿದೆ ಎಂದೇ ಅರ್ಥ. ಆ ಹುಳಿ ಆವಿ ಪಕ್ಕದವುಗಳನ್ನೂ ಕೆಡಿಸುತ್ತದೆ. ಬೇರೆ ಇಟ್ಟು, ಅವನ್ನೇ ಮೊದಲು ಮುಗಿಸಿ.

ಇನ್ನು ಬೂಷ್ಟು. ಈ ಊರಿನಲ್ಲಿ ಅದು ಇಲ್ಲದ ಡಬ್ಬಿಯನ್ನು ನಾನು ಕಂಡಿಲ್ಲ. ಜೇಡರ ಬಲೆಯಂತೆ ಬಿಳಿ ಎಳೆಗಳು ಕಂಡರೆ ನೀರಿನಲ್ಲಿ ತೊಳೆಯುವ ಆಸೆಯಾಗುತ್ತದೆ. ನಾನು ತೊಳೆದೆ. ಚಾಳಿನ ಅಂಗಳದಲ್ಲಿ ಯಕ್ಷಗಾನ ನಡೆದ ರಾತ್ರಿ ವೇಷ ಕಟ್ಟಿಕೊಳ್ಳುತ್ತಿದ್ದ ನಮ್ಮ ಮಾವನ ಚಿತ್ರ ಅದು. ಬಟ್ಟಲಿನಲ್ಲಿ ಅರ್ಧ ನಿಮಿಷ ಅಲ್ಲಾಡಿಸುವಷ್ಟರಲ್ಲಿ ಕಿರೀಟದ ಅಂಚಿನಿಂದ ಬೂದು ಬಣ್ಣದ ಕೆನೆಯೊಂದು ಎದ್ದಿತು. ಮಜ್ಜಿಗೆಯ ಮೇಲಿನ ಕೆನೆಯಂತೆ ಸರಿದು ಹೋಗಿ, ಮಾವನ ಎಡಗಣ್ಣು ಬಟ್ಟಲಿನ ತಳದಲ್ಲಿ ಕುಳಿತಿತು. ಬೂಷ್ಟು ತಿಂದ ಜೆಲಾಟಿನ್ ನೀರಿನಲ್ಲಿ ಕರಗುತ್ತದೆ ಎಂಬುದನ್ನು ಓದಿದ್ದು ಅನಂತರ. ಇಂಥ ನೆಗೆಟಿವ್‌ಗಳಿಗೆ ನೀರು ಸೋಕಿಸಬೇಡಿ. ನಯವಾದ ಮೈಕ್ರೋಫೈಬರ್ ಬಟ್ಟೆಯ ಚೂರಿಗೆ ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ ಹಾಕಿ, ಮೊದಲು ಖಾಲಿ ಅಂಚಿನಲ್ಲಿ ಪರೀಕ್ಷಿಸಿ, ಹಗುರವಾಗಿ ಒರೆಸಿ. ಹೋಗದಿದ್ದರೆ ಬಿಡಿ. ಬರಿಯ ಧೂಳಿಗೆ ರಬ್ಬರ್ ಬುರುಡೆಯ ಗಾಳಿ ಸಾಕು. ಬಾಯಿಂದ ಊದಿದರೆ ಉಗುಳು ಹಾರುತ್ತದೆ.

ಎಲ್ಲವನ್ನೂ ಚಿತ್ರಿಸುವ ಅಗತ್ಯವಿಲ್ಲ. ಹಿಂದೆ ನೆಗೆಟಿವ್ ಪಟ್ಟಿಗಳನ್ನು ನೇರವಾಗಿ ಕಾಗದದ ಮೇಲಿಟ್ಟು ಅದೇ ಅಳತೆಯ ಕಾಂಟ್ಯಾಕ್ಟ್ ಪ್ರಿಂಟ್ ಮಾಡಿ ಆರಿಸುತ್ತಿದ್ದೆವು. ಈಗ ಮೊಬೈಲಿನ ಸೆಟ್ಟಿಂಗ್‌ನಲ್ಲಿ ಬಣ್ಣ ತಿರುಗಿಸುವ ಆಯ್ಕೆಯನ್ನು ಒತ್ತಿ, ಬೆಳಕಿನ ಫಲಕದ ಮೇಲಿಟ್ಟ ಪಟ್ಟಿಗೆ ಅದರ ಕ್ಯಾಮರಾ ಹಿಡಿಯಿರಿ. ಪರದೆಯಲ್ಲಿ ನೇರ ಚಿತ್ರವೇ ಕಾಣುತ್ತದೆ. ಒಂದು ಡಬ್ಬಿ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ನನ್ನ ಕಾಗೆ-ಪಾರಿವಾಳದ ಚಿತ್ರಗಳೆಲ್ಲ ಅಲ್ಲೇ ಉಳಿದವು.

ಸ್ಟ್ಯಾಂಡಿಗಾಗಿ ದುಡ್ಡು ಸುರಿಯಬೇಡಿ. ಬೋರಾ ಬಜಾರಿನಲ್ಲಿ ಹಳೆಯದಾಗಿ ಕೊಂಡ, ನೆಗೆಟಿವನ್ನು ಕಾಗದದ ಮೇಲೆ ದೊಡ್ಡದಾಗಿ ಮೂಡಿಸುವ ನನ್ನ ಎನ್‌ಲಾರ್ಜರ್‌ನ ತಲೆ ಕಳಚಿ, ಅದೇ ಕಂಬಕ್ಕೆ ಕ್ಯಾಮರಾ ಬಿಗಿದೆ. ಆಗ ದೀಪ ಮೇಲೆ, ಕಾಗದ ಕೆಳಗೆ; ಈಗ ದೀಪ ಕೆಳಗೆ, ಕ್ಯಾಮರಾ ಮೇಲೆ. ಎನ್‌ಲಾರ್ಜರ್‌ನ ನೆಗೆಟಿವ್ ಕ್ಯಾರಿಯರ್ ಕೂಡ ಕೆಲಸಕ್ಕೆ ಬಂತು. ಸುರುಳಿ ಏಳುವ ಫಿಲಂ ಅದರಲ್ಲಿ ಚಪ್ಪಟೆಯಾಗಿ ನಿಲ್ಲುತ್ತದೆ. ಕೆಳಗೆ ಎಲ್‌ಇಡಿ ಫಲಕ, ನಡುವೆ ಹಾಲುಬಿಳುಪಿನ ಅಕ್ರಿಲಿಕ್. ಫಿಲಂ ಮಾತ್ರ ಅಕ್ರಿಲಿಕ್ಕಿಗಿಂತ ನಾಲ್ಕೈದು ಸೆಂಟಿಮೀಟರ್ ಎತ್ತರದಲ್ಲಿರಲಿ, ಆಗ ಅಕ್ರಿಲಿಕ್ ಮೇಲಿನ ಧೂಳು ಚಿತ್ರದಲ್ಲಿ ಮೂಡುವುದಿಲ್ಲ.

ಕ್ಯಾಮರಾ ಮತ್ತು ಫಿಲಂ ಸಮಾನಾಂತರವಾಗಿರಬೇಕು, ಇಲ್ಲವಾದರೆ ಒಂದು ಮೂಲೆ ಮಸುಕು. ನೀರಿನ ಮಟ್ಟದ ಬುರುಡೆ ನಂಬಬೇಡಿ. ಫಿಲಂ ಇಡುವ ಜಾಗದಲ್ಲಿ ಚಿಕ್ಕ ಕನ್ನಡಿ ಇಟ್ಟು ಲೆನ್ಸಿನಿಂದ ನೋಡಿ. ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಬರುವವರೆಗೆ ಕ್ಯಾಮರಾ ಸರಿಪಡಿಸಿ. ಹೆಂಡತಿಯ ಕುಂಕುಮದ ಡಬ್ಬಿಯ ಕನ್ನಡಿ ನನಗೆ ಸಾಕಾಯಿತು.

ಲೆನ್ಸ್ ಮಾತ್ರ ತೀರ ಹತ್ತಿರದಿಂದ ಚಿತ್ರ ತೆಗೆಯುವ ಮ್ಯಾಕ್ರೋ ಆಗಿರಲಿ, ಇಲ್ಲಿ ಜಿಪುಣತನ ಬೇಡ. 35 ಎಂಎಂ ಫಿಲಂನ ಚೌಕಟ್ಟು 24x36 ಮಿಲಿಮೀಟರ್. 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಕ್ಯಾಮರಾದಲ್ಲಿ ಅದನ್ನು ತುಂಬಿಸಿದರೆ ಅಂಗುಲಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಪಿಕ್ಸೆಲ್ ಸಿಗುತ್ತದೆ. ಹಳೆಯ ಓರ್ವೊ ಫಿಲಂನಲ್ಲಿ ಅದಕ್ಕಿಂತ ಹೆಚ್ಚು ಹುಡುಕಲು ಏನೂ ಇಲ್ಲ. ಅಗ್ಫಾ ಕ್ಲಿಕ್ 3ರಂಥ ಕ್ಯಾಮರಾದ 120 ಫಿಲಂ ಚೌಕಾಕಾರ, ಒಂದು ಸುರುಳಿಗೆ ಹನ್ನೆರಡು ಚಿತ್ರ. ಕ್ಯಾಮರಾವನ್ನು ಕಂಬದ ಮೇಲಕ್ಕೆ ಏರಿಸಿದರಾಯಿತು.

ಐಎಸ್‌ಒ 100, ಅಪರ್ಚರ್ ಎಫ್ 8, ರಾ ಫೈಲ್ (ಕ್ಯಾಮರಾ ತಿದ್ದದೆ ಉಳಿಸುವ ಮೂಲ ಕಡತ), ಎರಡು ಸೆಕೆಂಡಿನ ಟೈಮರ್. ಎಲೆಕ್ಟ್ರಾನಿಕ್ ಶಟರ್ ಬೇಡ; ಮಿಣುಕುವ ಅಗ್ಗದ ಎಲ್‌ಇಡಿಗೆ ಅದು ಅಡ್ಡಪಟ್ಟೆ ಎಳೆಯುತ್ತದೆ. ಫೋಕಸ್ ಮಾಡುವಾಗ ಚಿತ್ರದೊಳಗಿನ ಮುಖವನ್ನು ನೋಡಬೇಡಿ. ಅದು ಮೂಲದಲ್ಲೇ ಮಸುಕಾಗಿರಬಹುದು, ತಪ್ಪು ನಿಮ್ಮದೆಂದು ಅರ್ಧ ಗಂಟೆ ಹೆಣಗುತ್ತೀರಿ. ಲೈವ್ ವ್ಯೂ ಹಿಗ್ಗಿಸಿ, ಬೆಳ್ಳಿಯ ಕಾಳು ಮರಳಿನಂತೆ ಚುರುಕಾಗಿ ಕಾಣುವವರೆಗೆ ರಿಂಗ್ ತಿರುಗಿಸಿ. ಎಕ್ಸ್‌ಪೋಷರ್‌ಗೆ ಫಿಲಂನ ಖಾಲಿ ಅಂಚೇ ಅಳತೆಗೋಲು: ಕಪ್ಪಿನಿಂದ ಬಿಳುಪಿನವರೆಗೆ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ಎಂಬ ನಕ್ಷೆಯಲ್ಲಿ ಅದು ಬಲಗಡೆಯ ಗೋಡೆಯ ಹತ್ತಿರ ಬರಲಿ, ಗೋಡೆಗೆ ಬಡಿಯದಿರಲಿ. ಕೋಣೆಯ ದೀಪ ಆರಿಸಿ. ಡಾರ್ಕ್‌ರೂಮ್ ಇನ್ನೂ ಕೈಬಿಟ್ಟಿಲ್ಲ, ನೋಡಿ.

ನನ್ನ ಮೊದಲ ನೂರು ಚಿತ್ರಗಳಲ್ಲಿ ಮೂವತ್ತು ಅಲುಗಾಡಿದ್ದವು. ಕ್ಯಾಮರಾ, ಕಂಬ, ಮೇಜು ಎಲ್ಲ ಪರೀಕ್ಷಿಸಿ ಸೋತ ಮೇಲೆ ಹೊಳೆಯಿತು: ಮಾಟುಂಗಾದ ನಮ್ಮ ಈಗಿನ ಕಟ್ಟಡ ರೈಲುಹಳಿಯ ಮಗ್ಗುಲಲ್ಲೇ ಇದೆ. ಫಾಸ್ಟ್ ಲೋಕಲ್ ಹೋದಾಗ ಚಮಚ ಕಿಣಿಕಿಣಿ ಎನ್ನುವುದು ಇಷ್ಟು ವರ್ಷಗಳ ಅಭ್ಯಾಸದಿಂದ ಕಿವಿಗೇ ಬೀಳುತ್ತಿರಲಿಲ್ಲ. ಕೊನೆಯ ಲೋಕಲ್ ಹೋದ ಮೇಲೆ, ರಾತ್ರಿ ಒಂದರ ನಂತರ ಕೆಲಸ ಮಾಡಿದೆ. ಆ ಹೊತ್ತಿಗೆ ಎಚ್ಚರವಿರಲಾಗದಿದ್ದರೆ ಪಕ್ಕದಲ್ಲಿ ತುಂಬಿದ ನೀರಿನ ಲೋಟ ಇಡಿ, ಮೇಲ್ಮೈ ನಿಶ್ಚಲವಾದಾಗ ಗುಂಡಿ ಒತ್ತಿ.

ಕಂಪ್ಯೂಟರಿನ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಕರ್ವ್ ಎಂಬ ಬೆಳಕು-ನೆರಳಿನ ಗೆರೆಯ ಎರಡು ತುದಿಗಳನ್ನು ತಲೆಕೆಳಗು ಮಾಡಿದರೆ ನೆಗೆಟಿವ್ ಪಾಸಿಟಿವ್ ಆಗುತ್ತದೆ. ಅನಂತರ ಸ್ಲೈಡರ್‌ಗಳೆಲ್ಲ ಉಲ್ಟಾ ಓಡುತ್ತವೆ. ಆ ಗೊಂದಲ ಬೇಡವೆಂದರೆ ಟಿಫ್ ಆಗಿ ಉಳಿಸಿ ಮತ್ತೆ ತೆರೆಯಿರಿ. ಅಂಚಿನ ಅಕ್ಷರ ಕನ್ನಡಿಬಿಂಬದಂತೆ ಕಂಡರೆ ಚಿತ್ರವನ್ನು ಅಡ್ಡಕ್ಕೆ ಮಗುಚಿ. ಹಿಂದೆ ಅಂಗೈಯ ನೆರಳಿನಿಂದ ಮುಖವನ್ನು ತಿಳಿಯಾಗಿಸಿ, ರಟ್ಟಿನ ತೂತಿನಿಂದ ಆಕಾಶವನ್ನು ಸುಡುತ್ತಿದ್ದೆವಲ್ಲ, ಆ ಕೆಲಸವನ್ನು ಈಗ ಬ್ರಷ್ ಮಾಡುತ್ತದೆ. ಗೀರುಗಳಲ್ಲಿ ಮುಖದ ಮೇಲಿನದನ್ನಷ್ಟೇ ತೆಗೆಯುತ್ತೇನೆ. ಮಗನ ಒತ್ತಾಯಕ್ಕೆ ಮಾವನ ಹೋದ ಕಣ್ಣನ್ನು ಒಂದು ತಂತ್ರಾಂಶದಿಂದ ಬರಿಸಿ ನೋಡಿದೆವು. ಕಣ್ಣು ಚೆನ್ನಾಗಿಯೇ ಬಂತು, ಮಾವನದಾಗಿರಲಿಲ್ಲ. ಅಳಿಸಿದೆ. ಬಣ್ಣದ ನೆಗೆಟಿವ್‌ಗಳ ಕಿತ್ತಳೆ ಮುಸುಕಿಗೆ ಬೇರೆ ಉಪಾಯ ಬೇಕು, ಅದು ಇನ್ನೊಂದು ದಿನದ ಕಥೆ.

ಕಡತಕ್ಕೆ ವರ್ಷ, ಜಾಗ, ಜನರ ಹೆಸರು ಬರೆದು, ಎರಡು ಡಿಸ್ಕ್‌ಗಳಲ್ಲಿಡಿ. ಒಂದು ಬೇರೆ ಮನೆಯಲ್ಲಿರಲಿ. ಡಿಜಿಟಲ್ ಆಯಿತೆಂದು ನೆಗೆಟಿವ್ ಎಸೆಯಬೇಡಿ. ಆಮ್ಲವಿಲ್ಲದ ಕಾಗದದ ಲಕೋಟೆಗೆ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಡಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಿರುತ್ತದೆ, ಕಿತ್ತಳೆಯದನ್ನು ಕೊಳ್ಳಿ. ಅದು ತೇವ ಕುಡಿದು ಹಸಿರಾದಾಗ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಕಿತ್ತಳೆಯಾಗುತ್ತದೆ. ಮೊದಲ ಸಲ ನಾನು ಹೋಳಿಗೆಯ ಕಾವಲಿಗೇ ಹಾಕಿಬಿಟ್ಟಿದ್ದೆ. ಈಗ ಅದಕ್ಕೆಂದೇ ಒಂದು ಬಾಣಲೆಯಿದೆ. ಅಪ್ಪಿತಪ್ಪಿ ಒಗ್ಗರಣೆಗೆ ಹೋಗದಿರಲೆಂದು ಮನೆಯವಳು ಅದರ ಹಿಡಿಗೆ ಕೆಂಪು ನೂಲು ಸುತ್ತಿದ್ದಾಳೆ.