ಒಂದೂವರೆ ತಿಂಗಳು ನಮ್ಮ ಅಂಗಳದಲ್ಲಿದ್ದ ಟ್ರ್ಯಾಂಪೊಲಿನ್

ಏಪ್ರಿಲ್ ಮೊದಲ ವಾರ. ಹೂಮಳೆ ಬಿದ್ದು, ಕಾಫಿ ತೋಟವೆಲ್ಲ ಬೆಳ್ಳಗೆ ಅರಳಿ, ಹೂ ಬಾಡಿಯೂ ಆಗಿತ್ತು. ಪಕ್ಕದ ಊರಿನ ಒಂದು ಹೋಂಸ್ಟೇ ಮುಚ್ಚುತ್ತಿದ್ದಾರೆ, ಸಾಮಾನೆಲ್ಲ ಕಡಿಮೆಗೆ ಕೊಡುತ್ತಾರಂತೆ ಎಂದು ನಮ್ಮ ಯಜಮಾನರು ಹೇಳಿದರು. ಮಂಚ, ಕುರ್ಚಿಗಳ ಜೊತೆ ಅಲ್ಲೊಂದು ಟ್ರ್ಯಾಂಪೊಲಿನ್ ಇತ್ತು, ಕಬ್ಬಿಣದ ಬಳೆಗೆ ಸ್ಪ್ರಿಂಗ್‌ಗಳಿಂದ ಬಿಗಿದ ಚಾಪೆ, ಅದರ ಮೇಲೆ ನಿಂತು ಹಾರುವುದು. ಹತ್ತು ಅಡಿ ಅಗಲ, ಸುತ್ತ ಬಲೆ. ಪಿಕಪ್‌ನಲ್ಲಿ ಹಾಕಿಕೊಂಡು ಬಂದು, ಕಾಫಿ ಕಣದ ಪಕ್ಕದ ಹುಲ್ಲಿನ ಮೇಲೆ ನಿಲ್ಲಿಸಿದೆವು. ಆ ದಿನ ಮಕ್ಕಳ ಮುಖ ನೋಡಬೇಕಿತ್ತು.

ಕೊಡಗಿನ ಮೂರ್ನಾಡಿನ ಹತ್ತಿರ ನಮ್ಮ ಮನೆಯಲ್ಲೇ ನಾನು ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಒಂಬತ್ತು ವರ್ಷ ಆಯಿತು. ಬ್ಯಾಂಕಿಗೆ, ಶಾಲೆಗೆ, ಅಂಗಡಿಗೆ ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಬಿಟ್ಟು ಹೋಗುತ್ತಾರೆ. ತೋಟದ ಕೆಲಸಕ್ಕೆ ಹೋಗುವ ಇಬ್ಬರು ತಾಯಂದಿರ ಮಕ್ಕಳೂ ಇದ್ದಾರೆ. ಸಾಮಾನ್ಯ ದಿನಗಳಲ್ಲಿ ಆರು ಮಕ್ಕಳು. ಏಪ್ರಿಲ್, ಮೇಯಲ್ಲಿ ಶಾಲೆಗೆ ರಜೆ ಇರುವುದರಿಂದ ಅವರ ಅಣ್ಣ ಅಕ್ಕಂದಿರೂ ಸೇರಿ ಒಂಬತ್ತಾಗುತ್ತದೆ. ಹತ್ತು ತಿಂಗಳ ಕೂಸಿನಿಂದ ಎಂಟು ವರ್ಷದವರವರೆಗೆ ಎಲ್ಲರೂ ಒಂದೇ ಅಂಗಳದಲ್ಲಿ. ನೋಡಿಕೊಳ್ಳಲು ನಾನು, ಮಧ್ಯಾಹ್ನದವರೆಗೆ ಸಹಾಯಕ್ಕೆ ಒಬ್ಬಳು ಹುಡುಗಿ. ಟ್ರ್ಯಾಂಪೊಲಿನ್ ಬೇಕಾ ಬೇಡವಾ ಎಂದು ಕೇಳುವವರು ಮೊದಲು ಈ ಲೆಕ್ಕ ನೋಡಬೇಕು. ನಾನು ನೋಡಿರಲಿಲ್ಲ.

ತರಿಸಿದ್ದಕ್ಕೆ ಕಾರಣ ಇತ್ತು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಜುಲೈನಲ್ಲಿ ವಾರಗಟ್ಟಲೆ ಬಿಸಿಲೇ ಕಾಣುವುದಿಲ್ಲ. ಮಕ್ಕಳು ಒಳಗೇ ಇದ್ದು ಇದ್ದು ಸೋಫಾದಿಂದ ಹಾರುತ್ತಾರೆ, ಮಂಚದಿಂದ ಹಾರುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಮಕ್ಕಳಿಗೆ ಹಾರಬೇಕು. ಅದು ಹಠ ಅಲ್ಲ, ಮೈಯ ಹಸಿವು. ನನ್ನ ಹತ್ತಿರ ಐದು ವರ್ಷದ ಒಬ್ಬ ಹುಡುಗ ಇದ್ದಾನೆ. ಊಟಕ್ಕೆ ಮುಂಚೆ ಹತ್ತು ನಿಮಿಷ ಕುಣಿದರೆ ಮಾತ್ರ ಕೂತು ಊಟ ಮಾಡುತ್ತಾನೆ. ಮಳೆಗಾಲ ಬರುವ ಮುಂಚೆ ರಜೆಯಲ್ಲಾದರೂ ಮನಸಾರೆ ಹಾರಲಿ ಅಂದುಕೊಂಡೆ.

ನಿಯಮ ಮಾಡಿಯೇ ಶುರು ಮಾಡಿದೆ. ಒಂದು ಸಲಕ್ಕೆ ಒಬ್ಬರು. ಚಪ್ಪಲಿ ಇಲ್ಲ, ಪಲ್ಟಿ ಇಲ್ಲ. ಸರದಿ ಕಾಯುವವರು ಕಣದ ಕಟ್ಟೆ ಮೇಲೆ ಕೂರಬೇಕು. ಐವತ್ತು ಎಣಿಸುವವರೆಗೆ ಒಬ್ಬರ ಆಟ. ಎಲ್ಲರೂ ಸೇರಿ ಎಣಿಸುತ್ತಿದ್ದರು. ಚಿಕ್ಕವರು ಎಣಿಸಲು ಕಲಿತದ್ದೇ ಹಾಗೆ. ಮೂರು ವಾರ ಚೆನ್ನಾಗಿ ನಡೆಯಿತು. ಆಮೇಲೆ ಎಣಿಕೆ ನಲವತ್ತಕ್ಕೆ ನಿಂತಿತು, ಮೂವತ್ತಕ್ಕೆ ಬಂತು. ದೊಡ್ಡವರಿಗೆ ಒಬ್ಬರೇ ಹಾರಿ ಬೇಜಾರು. ಇಬ್ಬರಿದ್ದರೆ ಜಾಸ್ತಿ ಎತ್ತರ ಹೋಗಬಹುದು ಎಂದು ಕಂಡುಹಿಡಿದಿದ್ದರು. ನಾನು ಕೂಗಿದರೆ ಇಳಿಯುತ್ತಿದ್ದರು. ತಿರುಗಿದರೆ ಹತ್ತುತ್ತಿದ್ದರು.

ಮೇ ಮಧ್ಯದ ಒಂದು ಸಂಜೆ, ನಾಲ್ಕು ಗಂಟೆ ಇರಬಹುದು. ಗುಡುಗು ಶುರುವಾಗಿತ್ತು. ನಾನು ಜಗಲಿಯಲ್ಲಿ ಕೂಸಿಗೆ ರಾಗಿ ಸರಿ ತಿನ್ನಿಸುತ್ತಿದ್ದೆ. ಅಲ್ಲಿಂದ ಟ್ರ್ಯಾಂಪೊಲಿನ್‌ಗೆ ಹದಿನೈದು ಅಡಿ. ಏಳು ವರ್ಷದ ಹುಡುಗ ಹಾರುತ್ತಿದ್ದ. ಎರಡೂವರೆ ವರ್ಷದ ಹುಡುಗಿ, ನಾವೆಲ್ಲ ಪುಟ್ಟಿ ಅನ್ನುತ್ತೇವೆ, ಬಲೆಯ ಬಾಯಿ ಸರಿಸಿ ಒಳಗೆ ಹೋದಳು. "ಪುಟ್ಟೀ, ಇಳಿ" ಅಂದೆ. ಆ ಮಾತು ಮುಗಿಯುವ ಮೊದಲೇ ಆಗಿಹೋಯಿತು. ಅವಳು ಹೊರಗೆ ಬೀಳಲಿಲ್ಲ. ಯಾರೂ ಅವಳ ಮೇಲೆ ಬೀಳಲಿಲ್ಲ. ಚಾಪೆಯ ಮೇಲೇ ನಿಂತು, ಚಾಪೆಯ ಮೇಲೇ ಕುಸಿದಳು.

ಜಾಸ್ತಿ ಅಳಲೂ ಇಲ್ಲ. ಎತ್ತಿಕೊಂಡೆ, ಸುಮ್ಮನಾದಳು. ಮೊಣಕಾಲು ಊದಿರಲಿಲ್ಲ, ಗಾಯದ ಗುರುತೂ ಇರಲಿಲ್ಲ. ಕೆಳಗೆ ನಿಲ್ಲಿಸಿದರೆ ಮಾತ್ರ ಎಡಗಾಲು ಊರಲಿಲ್ಲ. ಹೆದರಿರಬಹುದು ಅಂದುಕೊಂಡು ಅರ್ಧ ಗಂಟೆ ಕಳೆದೆ. ಆ ಅರ್ಧ ಗಂಟೆ ಈಗಲೂ ನನ್ನನ್ನು ಚುಚ್ಚುತ್ತದೆ. ಇದನ್ನು ಓದುವ ತಾಯಂದಿರು, ಆಯಾಗಳು ಒಂದು ಮಾತು ನೆನಪಿಟ್ಟುಕೊಳ್ಳಿ. ಬಿದ್ದ ಚಿಕ್ಕ ಮಗು ಕಾಲು ಊರಲು ಒಪ್ಪದಿದ್ದರೆ, ಊತ ಇಲ್ಲದಿದ್ದರೂ, ಆ ದಿನವೇ ಡಾಕ್ಟರಿಗೆ ತೋರಿಸಿ. ಎಣ್ಣೆ ಹಚ್ಚಿ ತಿಕ್ಕಬೇಡಿ.

ಅವಳ ಅಮ್ಮನಿಗೆ ಫೋನ್ ಮಾಡಿ, ಮಳೆಯಲ್ಲೇ ಮಡಿಕೇರಿಗೆ ಹೊರಟೆವು. ಎಕ್ಸ್-ರೇಯಲ್ಲಿ ಮೊದಲ ದಿನ ಗೆರೆ ಸ್ಪಷ್ಟವಾಗಿ ಕಾಣಲಿಲ್ಲ. ಡಾಕ್ಟರ್ ಮಂಡಿಯ ಕೆಳಗೆ ಮೆಲ್ಲಗೆ ಒತ್ತಿದರು. ಮಗು ಕಿರುಚಿತು. "ಟ್ರ್ಯಾಂಪೊಲಿನ್ ಮೇಲೆ ದೊಡ್ಡವರ ಜೊತೆ ಇದ್ದಳಾ?" ಎಂದು ಕೇಳಿದರು. ಹೌದು ಅಂದೆ. ಹಾಗಾದರೆ ಮೂಳೆ ಒಳಗೆ ಬಿರಿದಿರುತ್ತದೆ ಎಂದು ಪ್ಲಾಸ್ಟರ್ ಹಾಕಿದರು. ಹತ್ತು ದಿನ ಬಿಟ್ಟು ತೆಗೆದ ಫಿಲ್ಮಿನಲ್ಲಿ ಮಂಡಿಯ ಸ್ವಲ್ಪ ಕೆಳಗೆ, ಕಣಕಾಲಿನ ದೊಡ್ಡ ಮೂಳೆಯಲ್ಲಿ ಬಿರುಕು ಕಂಡಿತು. ಮೂರೂವರೆ ವಾರ ಪ್ಲಾಸ್ಟರ್ ಇತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಅವಳ ಅಮ್ಮ ಒಂದೇ ಮಾತು ಕೇಳಿದಳು. "ಅಕ್ಕ, ನೀವು ಅಲ್ಲೇ ಇದ್ರಲ್ವಾ?"

ಇದ್ದೆ. ನೋಡುತ್ತಲೂ ಇದ್ದೆ. ನನ್ನನ್ನು ಹೆಚ್ಚು ಕಾಡಿದ್ದು ಅದೇ. ನಾನು ಒಳಗೆ ಹೋಗಿ ಟಿವಿ ನೋಡುತ್ತಿದ್ದರೆ ಇನ್ನು ಮುಂದೆ ಹುಷಾರಾಗಿರುತ್ತೇನೆ ಅಂದುಕೊಂಡು ಮುಂದುವರಿಸಬಹುದಿತ್ತು. ಹುಷಾರಾಗಿದ್ದಾಗಲೇ ಆಯಿತಲ್ಲ, ಹೇಗೆ? ಆ ಮೂರು ವಾರ ರಾತ್ರಿ ಕೂತು ಇದರ ಬಗ್ಗೆ ಓದಿದೆ. ನಮ್ಮ ಡಾಕ್ಟರನ್ನೂ ಕೇಳಿದೆ.

ಅಮೆರಿಕದ ಮಕ್ಕಳ ವೈದ್ಯರ ಸಂಘ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 1977ರಿಂದಲೇ ಟ್ರ್ಯಾಂಪೊಲಿನ್ ಬಗ್ಗೆ ಎಚ್ಚರಿಸುತ್ತಾ ಬಂದಿದೆ. 1999ರಲ್ಲಿ ಮತ್ತೆ ಹೇಳಿತು. 2012ರಲ್ಲಿ ಇನ್ನಷ್ಟು ವಿವರವಾಗಿ ಬರೆದು, ಮನೆಗಳಲ್ಲಿ ಆಟಕ್ಕೆ ಇದನ್ನು ಇಡಬೇಡಿ ಎಂದಿತು. ಅದರ ಪ್ರಕಾರ ಗಾಯಗಳಲ್ಲಿ ಸುಮಾರು ಮುಕ್ಕಾಲು ಪಾಲು ಆಗುವುದು ಒಬ್ಬರಿಗಿಂತ ಹೆಚ್ಚು ಜನ ಒಟ್ಟಿಗೆ ಹಾರುವಾಗ. ಜೊತೆಯಲ್ಲಿ ಹಾರುವವರ ಪೈಕಿ ಚಿಕ್ಕವರಿಗೆ ಪೆಟ್ಟಾಗುವ ಸಾಧ್ಯತೆ 14 ಪಟ್ಟು ಹೆಚ್ಚು. ಗಾಯವಾಗಿ ಆಸ್ಪತ್ರೆಗೆ ಬಂದವರಲ್ಲಿ ಶೇಕಡಾ 22ರಿಂದ 37ರಷ್ಟು ಮಂದಿ ಆರು ವರ್ಷದೊಳಗಿನವರು. ಬಲೆ ಹಾಕಿದ್ದರಿಂದ ಗಾಯ ಕಡಿಮೆಯಾಗಿದೆ ಎಂಬುದಕ್ಕೆ ಅವರಿಗೆ ಸರಿಯಾದ ಪುರಾವೆ ಸಿಗಲಿಲ್ಲ. ಮೂರರಲ್ಲಿ ಒಂದು ಪಾಲಿನಿಂದ ಅರ್ಧದಷ್ಟು ಗಾಯಗಳು ವಯಸ್ಕರು ಅಲ್ಲೇ ಇದ್ದು ನೋಡುತ್ತಿರುವಾಗಲೇ ಆಗುತ್ತವೆ. ಈ ಕೊನೆಯ ಸಾಲು ಓದಿ ನಾನು ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತೆ.

ಪುಟ್ಟಿಯ ಕಾಲು ಏಕೆ ಮುರಿಯಿತು ಎಂಬುದನ್ನು ಡಾಕ್ಟರ್ ಕೈಯಲ್ಲೇ ತೋರಿಸಿದರು. ಭಾರದ ಮಗು ಇಳಿದಾಗ ಚಾಪೆ ಕೆಳಗೆ ಹೋಗುತ್ತದೆ, ಸ್ಪ್ರಿಂಗ್‌ಗಳು ಎಳೆದುಕೊಳ್ಳುತ್ತವೆ. ಆಮೇಲೆ ಚಾಪೆ ಜೋರಾಗಿ ಮೇಲೆ ಬರುತ್ತದೆ. ಅದೇ ಹೊತ್ತಿಗೆ ಹಗುರದ ಮಗುವಿನ ಕಾಲು ಕೆಳಗೆ ಬರುತ್ತಿದ್ದರೆ ಎರಡೂ ಎದುರೆದುರು ಬಂದು ಗುದ್ದುತ್ತವೆ. ಮೆತ್ತಗಿನ ಚಾಪೆ ಆ ಕ್ಷಣಕ್ಕೆ ಸಿಮೆಂಟ್ ಕಣದಷ್ಟೇ ಗಟ್ಟಿ. ಎರಡು ಮೂರು ವರ್ಷದ ಮಕ್ಕಳ ಮೂಳೆ ಇನ್ನೂ ಎಳೆಯದು, ಮಂಡಿಯ ಕೆಳಗೆ ಒಳಕ್ಕೆ ಮಡಚಿದ ಹಾಗೆ ಆಗುತ್ತದೆ. ಏಳು ವರ್ಷದವನು 24 ಕೆ.ಜಿ., ಪುಟ್ಟಿ 11 ಕೆ.ಜಿ. ಅವಳು ಬೀಳಲೇ ಬೇಕಿರಲಿಲ್ಲ. ಬಲೆ, ಸುತ್ತಲಿನ ಪ್ಯಾಡ್, ನನ್ನ ಕಣ್ಣು, ಯಾವುದೂ ಅಲ್ಲಿ ಅಡ್ಡ ಬರಲು ಸಾಧ್ಯವಿರಲಿಲ್ಲ.

ಟ್ರ್ಯಾಂಪೊಲಿನ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. 1930ರ ದಶಕದಲ್ಲಿ ಜಾರ್ಜ್ ನಿಸ್ಸೆನ್ ಎಂಬ ಅಮೆರಿಕದ ಜಿಮ್ನಾಸ್ಟ್ ಇದನ್ನು ಮಾಡಿದ್ದು ಕಸರತ್ತಿನ ಅಭ್ಯಾಸಕ್ಕೆ. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಸ್ಪರ್ಧೆಯೂ ಇದೆ. ಅಲ್ಲಿ ಕೋಚ್ ಇರುತ್ತಾರೆ, ಕಲಿಯುವವರು ಒಬ್ಬೊಬ್ಬರೇ ಹತ್ತುತ್ತಾರೆ. ನಿಮ್ಮ ಮನೆಯಲ್ಲಿ ಎಂಟು ವರ್ಷದ ಒಂದೇ ಮಗು ಇದ್ದು, ನೀವು ಪಕ್ಕದಲ್ಲೇ ನಿಂತು ನೋಡುವುದಾದರೆ ಅದು ನಿಮ್ಮ ತೀರ್ಮಾನ. ಬೇರೆಯವರ ಮಕ್ಕಳು, ಬೇರೆ ಬೇರೆ ವಯಸ್ಸಿನವರು, ಮಡಿಲಲ್ಲೊಂದು ಕೂಸು ಇರುವ ಮನೆಯಲ್ಲಿ "ಒಂದು ಸಲಕ್ಕೆ ಒಬ್ಬರು" ಎಂಬ ನಿಯಮ ಉಳಿಯುವುದಿಲ್ಲ. ಆ ನಿಯಮ ಉಳಿಯದಿದ್ದರೆ ಬೇರೆ ಯಾವ ನಿಯಮಕ್ಕೂ ಬೆಲೆ ಇಲ್ಲ.

ಕೊಡಗಿನಲ್ಲಿ ಇನ್ನೊಂದು ಮಾತಿದೆ. ಆ ದಿನ ಮಳೆ ಈಗಷ್ಟೇ ಶುರುವಾಗಿತ್ತು, ರಸ್ತೆ ತೆರೆದಿತ್ತು. ಜುಲೈ ಆಗಿದ್ದರೆ? ಸಿಲ್ವರ್ ಮರವೊಂದು ಅಡ್ಡ ಬಿದ್ದರೆ ಎರಡು ಗಂಟೆ ಹೋಯಿತು. ಕರೆಂಟ್ ಇಲ್ಲ, ಫೋನ್ ಸಿಗ್ನಲ್ ಇಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಹೋದದ್ದನ್ನು ನಾವು ನೋಡಿದ್ದೇವೆ. ದೊಡ್ಡ ಆಪರೇಷನ್ ಬೇಕಾದರೆ ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಕುತ್ತಿಗೆಗೆ ಪೆಟ್ಟಾದ ಮಗುವನ್ನು ಅಷ್ಟು ದೂರ ಕೊಂಡೊಯ್ಯುವುದನ್ನು ನೆನೆದರೇ ಕೈ ನಡುಗುತ್ತದೆ. ಅದಲ್ಲದೆ ನಮ್ಮ ಮಳೆಗೆ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ, ಬಲೆಯ ಹೊಲಿಗೆ ಕೊಳೆಯುತ್ತದೆ, ಚಾಪೆಯ ಮೇಲೆ ಪಾಚಿ ಕಟ್ಟುತ್ತದೆ. ಹೋಂಸ್ಟೇಯಿಂದ ಬಂದದ್ದನ್ನು ಬಿಚ್ಚುವಾಗ ನೋಡಿದೆ, ನಾಲ್ಕು ಸ್ಪ್ರಿಂಗ್‌ಗಳ ಕೊಕ್ಕೆ ಆಗಲೇ ಸವೆದಿತ್ತು.

ತೆಗೆಯುತ್ತೇನೆ ಎಂದಾಗ ಎಲ್ಲ ಪೋಷಕರೂ ಒಪ್ಪಲಿಲ್ಲ. "ಒಂದು ಸಲ ಆಯ್ತು ಅಂತ ತೆಗೀಬೇಕಾ ಅಕ್ಕ? ಮಕ್ಕಳು ಬಿದ್ದೇ ಬೆಳೀಬೇಕು" ಎಂದರು ಒಬ್ಬರು. ಆ ಮಾತಿನಲ್ಲಿ ನಿಜ ಇದೆ. ನಮ್ಮ ಮಕ್ಕಳು ಹುಲ್ಲಲ್ಲಿ ಬೀಳುತ್ತಾರೆ, ಪೇರಳೆ ಮರ ಹತ್ತುತ್ತಾರೆ, ಮಂಡಿ ತರಚುತ್ತದೆ, ಅರಿಶಿನ ಹಚ್ಚುತ್ತೇನೆ. ಮರ ಹತ್ತುವಾಗ ಮಗು ತನ್ನ ಕೈ ಕಾಲು ನಂಬಿ ಹತ್ತುತ್ತದೆ. ಹೆದರಿಕೆಯಾದರೆ ನಿಲ್ಲುತ್ತದೆ. ಟ್ರ್ಯಾಂಪೊಲಿನ್‌ನಲ್ಲಿ ಪಕ್ಕದವನ ಭಾರ ಇವಳನ್ನು ಎಸೆಯುತ್ತದೆ. ನಿಲ್ಲುವುದು ಅವಳ ಕೈಯಲ್ಲಿಲ್ಲ. ಅವರಿಗೆ ಹೀಗೆಯೇ ಹೇಳಿದೆ. ಪೂರ್ತಿ ಒಪ್ಪಿದರೋ ಇಲ್ಲವೋ, ಮಗುವನ್ನು ಕಳಿಸುವುದನ್ನಂತೂ ನಿಲ್ಲಿಸಲಿಲ್ಲ. ಕೈಹಿಡಿ ಇರುವ ಚಿಕ್ಕ ಟ್ರ್ಯಾಂಪೊಲಿನ್ ಇಡಿ ಎಂದರು ಇನ್ನೊಬ್ಬರು. ಅದರ ಮೇಲೂ ಇಬ್ಬರು ಹತ್ತುತ್ತಾರೆ. ಬೇಡ ಅಂದೆ.

ಇನ್ನು ಹಾರುವ ಹಸಿವಿಗೆ ಏನು ಮಾಡಿದೆ ಎಂಬುದು. ಕಾಫಿ ಮಾರಿದ ಮೇಲೆ ನಮ್ಮ ಗೋಡೌನ್ ಡಿಸೆಂಬರ್‌ವರೆಗೆ ಖಾಲಿ. ಅದನ್ನು ಗುಡಿಸಿ, ಸಾರಿಸಿ, ಹಳೆಯ ತೆಂಗಿನ ನಾರಿನ ಹಾಸಿಗೆ ನಾಲ್ಕನ್ನು ಒತ್ತಾಗಿ ಹಾಸಿದೆ. ನಡುವೆ ಸಂದು ಬರದ ಹಾಗೆ ಹಗ್ಗದಿಂದ ಹೊಲಿದು, ಮೇಲೆ ಜಮಖಾನ ಹಾಕಿದೆ. ಒಂದು ಗೇಣು ಎತ್ತರದ ಮರದ ಹಲಗೆ ಇಟ್ಟೆ. ಅದರಿಂದ ಹಾಸಿಗೆಗೆ ಹಾರಬಹುದು. ಹಾಸಿಗೆ ತಿರುಗಿ ಎಸೆಯುವುದಿಲ್ಲ, ಅಷ್ಟೇ ಮುಖ್ಯ. ಕಾಫಿ ಗೋಣಿಚೀಲಕ್ಕೆ ಹಳೆ ಬಟ್ಟೆ ತುಂಬಿ ಬಂಡೆಗಳನ್ನು ಮಾಡಿದೆ. ಅದನ್ನು ತಳ್ಳುವುದು, ಎಳೆಯುವುದು, ಹೊತ್ತು ತರುವುದು ಮಕ್ಕಳಿಗೆ ಹಾರುವುದಕ್ಕಿಂತಲೂ ಇಷ್ಟವಾಯಿತು. ಊಟಕ್ಕೆ ಮುಂಚೆ ಕುಣಿಯುವ ಆ ಐದು ವರ್ಷದವನು ಈಗ ಮೂರು ಗೋಣಿ ಎಳೆದು ಬಂದು ತಾನಾಗಿ ತಟ್ಟೆ ಮುಂದೆ ಕೂರುತ್ತಾನೆ. ದೊಡ್ಡವರಿಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆ ಬರೆದಿದ್ದೇನೆ. ಜೋರು ಮಳೆ ಬಂದ ದಿನ ಮೊಬೈಲಿನಲ್ಲಿ ವಾಲಗ ಹಾಕುತ್ತೇನೆ. ಮದುವೆ ಮನೆಯಲ್ಲಿ ಕುಣಿದು ಅಭ್ಯಾಸವಿರುವ ಮಕ್ಕಳು, ಇಪ್ಪತ್ತು ನಿಮಿಷ ಬೆವರು ಇಳಿಯುವವರೆಗೆ ಕುಣಿಯುತ್ತಾರೆ. ಮಳೆ ತೆಳುವಾದಾಗ ಗಂಬೂಟು ಹಾಕಿಸಿ ಕಣದ ನೀರಿನಲ್ಲಿ ಬಿಡುತ್ತೇನೆ. ಒಳಗೆ ಬಂದ ಮೇಲೆ ಜಿಗಣೆ ಹತ್ತಿದೆಯಾ ಎಂದು ಬೆರಳ ಸಂದಿ ನೋಡಬೇಕು, ಅದೊಂದು ಕೆಲಸ ಹೆಚ್ಚು.

ಗೋಡೌನ್‌ಗೂ ಒಂದು ನಿಯಮ ಇದೆ. ಮೂರು ವರ್ಷದೊಳಗಿನವರ ಹೊತ್ತು ಬೇರೆ, ದೊಡ್ಡವರ ಹೊತ್ತು ಬೇರೆ. ಇಲ್ಲಿ ಬಾಗಿಲಿದೆ, ಅಗುಳಿ ಇದೆ. ಹಾಗಾಗಿ ಈ ನಿಯಮ ಉಳಿದಿದೆ. ಸಹಾಯಕ್ಕೆ ಬರುವ ಹುಡುಗಿ ಹೋದ ಮೇಲೆ ಗೋಡೌನ್ ತೆರೆಯುವುದಿಲ್ಲ.

ಟ್ರ್ಯಾಂಪೊಲಿನ್ ಬಿಚ್ಚಿದೆವು. ಮಾರಲು ಮನಸ್ಸಾಗಲಿಲ್ಲ. ಕೊಂಡವರ ಮನೆಯಲ್ಲೂ ಚಿಕ್ಕ ಮಕ್ಕಳಿರುತ್ತಾರಲ್ಲ. ಕಬ್ಬಿಣದ ಬಳೆ ಈಗ ಸೀಮೆಬದನೆ ಚಪ್ಪರ ಆಗಿದೆ.

ಏಳು ವರ್ಷದ ಹುಡುಗನ ಬಗ್ಗೆ ಹೇಳಲೇಬೇಕು. ಅವನಿಗೆ ಯಾರೂ ಬೈಯಲಿಲ್ಲ. ಆದರೂ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಬಂದು, "ಆಂಟಿ, ಪುಟ್ಟಿ ಕಾಲು ನಾನು ಮುರಿದಿದ್ದಾ?" ಎಂದು ಕೇಳಿದ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಲೆದಿಂಬಿನ ಮೇಲೆ ತೆಂಗಿನಕಾಯಿ ಮತ್ತು ನಿಂಬೆಹಣ್ಣು ಇಟ್ಟು, ಕಾಯಿ ಒತ್ತಿ ಬಿಟ್ಟರೆ ನಿಂಬೆ ಹೇಗೆ ಹಾರುತ್ತದೆ ತೋರಿಸಿದೆ. ತಪ್ಪು ಕಾಯಿಯದ್ದಲ್ಲ, ಎರಡನ್ನೂ ಒಟ್ಟಿಗೆ ಇಟ್ಟವಳದ್ದು, ಅಂದರೆ ನನ್ನದು ಎಂದೆ. ಬಹಳ ಹೊತ್ತು ದಿಂಬು ಒತ್ತಿ ಒತ್ತಿ ನೋಡಿದ. ಆಮೇಲೆ ತಿಂಡಿ ಕೇಳಿದ.

ಪುಟ್ಟಿ ಜೂನ್ ಎರಡನೇ ವಾರ ಪ್ಲಾಸ್ಟರ್ ತೆಗೆಸಿ ಬಂದಳು. ಮೊದಲ ವಾರ ಸ್ವಲ್ಪ ಕುಂಟಿದಳು. ಅವಳ ಅಮ್ಮ ಮೂರು ದಿನ ರಜೆ ಹಾಕಿ ನಮ್ಮ ಜಗಲಿಯಲ್ಲೇ ಕೂತಿದ್ದಳು. ಕೂರಬೇಕಾದ್ದೇ. ನಾಲ್ಕನೇ ದಿನ ಬ್ಯಾಗ್ ಕೈಗೆ ಕೊಟ್ಟು, "ಸಂಜೆ ಐದೂವರೆಗೆ ಬರ್ತೀನಿ ಅಕ್ಕ" ಎಂದು ಹೋದಳು.