ಕುರ್ಚಿಗೆ ಮೊದಲು ಕೂರುವವರ ಅಚ್ಚು: ಬ್ರೂನೋ ಮ್ಯಾಟ್ಸನ್ ತೋರಿಸಿದ ದಾರಿ

ಕುರ್ಚಿ ಮಾಡಲು ಹೊರಟರೆ ಕೈ ಮೊದಲು ಪೆನ್ಸಿಲ್ಲಿಗೆ ಹೋಗುತ್ತದೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದೆ. ಸ್ವೀಡನ್ನಿನ ಕುರ್ಚಿ ವಿನ್ಯಾಸಕ ಬ್ರೂನೋ ಮ್ಯಾಟ್ಸನ್ ಹಿಮದ ರಾಶಿಯ ಮೇಲೆ ಕೂತು, ಎದ್ದು, ಅಲ್ಲಿ ಮೂಡಿದ ಅಚ್ಚನ್ನು ನೋಡಿ ಕುರ್ಚಿಯ ಬಾಗು ಹುಡುಕಿದರಂತೆ. ಅದನ್ನು ಕೇಳಿದ ಮೇಲೆ ನಾನು ಪೆನ್ಸಿಲ್ ಬದಿಗಿಟ್ಟೆ.

ಅವರು 1907ರಲ್ಲಿ ಸ್ಮೋಲ್ಯಾಂಡ್ ಸೀಮೆಯ ವೆರ್ನಮೋದಲ್ಲಿ, ತಲೆಮಾರುಗಳಿಂದ ಮರಗೆಲಸ ಮಾಡಿಕೊಂಡು ಬಂದ ಮನೆಯಲ್ಲಿ ಹುಟ್ಟಿದವರು. ಅಪ್ಪ ಕಾರ್ಲ್ ಅವರ ಕೈಕೆಳಗೇ ಕಲಿತರು. 1931ರಲ್ಲಿ ಊರಿನ ಆಸ್ಪತ್ರೆಗೆ ಮಾಡಿಕೊಟ್ಟ ಕುರ್ಚಿಯಲ್ಲಿ ಸ್ಪ್ರಿಂಗೂ ಇರಲಿಲ್ಲ, ಮೆತ್ತೆಯೂ ಇರಲಿಲ್ಲ. ಕುದುರೆಯ ಜೀನು ಬಿಗಿಯುವ ಪಟ್ಟಿಯನ್ನೇ ಚೌಕಟ್ಟಿಗೆ ನೇಯ್ದಿದ್ದರು. 'ಮಿಡತೆ' ಎಂದು ಹೆಸರಾದ ಆ ಕುರ್ಚಿ ಅಲ್ಲಿನವರಿಗೆ ಹಿಡಿಸದೆ ಅಟ್ಟ ಸೇರಿತು. ಐದೇ ವರ್ಷಕ್ಕೆ, 1936ರಲ್ಲಿ, ಗೋಥೆನ್‌ಬರ್ಗಿನ ರೋಸ್ಕಾ ವಸ್ತುಸಂಗ್ರಹಾಲಯ ಅವರ ಕೆಲಸವನ್ನು ಪ್ರದರ್ಶನಕ್ಕಿಟ್ಟಿತು.

ಹಿಮ ಬೇಕಿಲ್ಲ, ಒದ್ದೆ ಮರಳು ಸಾಕು. ಹಿಡಿದರೆ ಉಂಡೆಯಾಗುವಷ್ಟು ತೇವವಿರಲಿ. ದೊಡ್ಡ ಪೆಟ್ಟಿಗೆಯಲ್ಲಿ ಹಿಂದೆ ಎತ್ತರ, ಮುಂದೆ ತಗ್ಗಾಗಿ ರಾಶಿ ಹಾಕಿ, ಮೇಲೆ ತೆಳು ಪ್ಲಾಸ್ಟಿಕ್ ಹಾಸಿ ಕೂರಿ. ಹತ್ತು ನಿಮಿಷವಾದರೂ ಕೂರಬೇಕು. ಮೊದಲ ಸಲ ನಾನು ಎರಡೇ ನಿಮಿಷಕ್ಕೆ ಎದ್ದುಬಿಟ್ಟೆ. ನೆಟ್ಟಗೆ ಬಿಗಿದುಕೊಂಡ ಬೆನ್ನಿನ ಅಚ್ಚು ಬಂತು, ಆ ಕುರ್ಚಿಯಲ್ಲಿ ಯಾರಿಗೂ ಒರಗಲಾಗಲಿಲ್ಲ. ಬೆನ್ನು ತಾನಾಗಿ ಸಡಿಲವಾಗುವವರೆಗೆ ಕಾಯಿರಿ. ಏಳುವಾಗ ಇಬ್ಬರು ಕೈಹಿಡಿದು ಎತ್ತಲಿ, ಇಲ್ಲದಿದ್ದರೆ ಅಂಚು ಕುಸಿಯುತ್ತದೆ.

ಈಗ ಪೆಟ್ಟಿಗೆಯ ಮೇಲೆ, ತಲೆಯ ಕಡೆಯಿಂದ ಮಂಡಿಯ ಕಡೆಗೆ ಒಂದು ನೇರ ರೀಪು ಮಟ್ಟವಾಗಿ ಇಟ್ಟು, ಪ್ರತಿ 5 ಸೆಂಟಿಮೀಟರಿಗೊಮ್ಮೆ ಕೆಳಗಿನ ಆಳ ಅಳೆಯಿರಿ. ಚುಕ್ಕಿಗಳನ್ನು ನಿಜ ಅಳತೆಯಲ್ಲೇ ಕಾಗದಕ್ಕೆ ಇಳಿಸಿ, ಬಾಗುವ ತೆಳುಪಟ್ಟಿಯಿಂದ ಸೇರಿಸಿ.

ಎಲ್ಲರೂ ಎಡವುವ ಜಾಗ ಮುಂದಿನದು. ಈ ಗೆರೆ ಮೈ ನಿಲ್ಲುವ ಜಾಗ, ಚೌಕಟ್ಟಿನದಲ್ಲ. ಚೌಕಟ್ಟಿನ ಎರಡು ಪಕ್ಕಗಳ ನಡುವೆ ನೇಯ್ದ ಪಟ್ಟಿ ಕೂತಾಗ ಜಗ್ಗುತ್ತದೆ. ಎಷ್ಟು ಜಗ್ಗುತ್ತದೆಂದು ಸಣ್ಣ ಚೌಕಟ್ಟಿಗೆ ನೇಯ್ದು, ಭಾರ ಹೇರಿ ನೋಡಿ. ಅಷ್ಟು ಮೇಲಕ್ಕೆ ಚೌಕಟ್ಟಿನ ಗೆರೆ ಎಳೆಯಿರಿ. ಸೊಂಟದ ಬಳಿ ಜಗ್ಗು ಹೆಚ್ಚು, ಮಂಡಿಯ ಬಳಿ ಕಡಿಮೆ. ಮ್ಯಾಟ್ಸನ್ನರ 'ಇವಾ' ಕುರ್ಚಿಯನ್ನು ಪಕ್ಕದಿಂದ ನೋಡಿದರೆ, ಬೆನ್ನಿನಿಂದ ತೊಡೆಗೆ ಮುರಿಯದೆ ಹರಿಯುವ ಆ ಒಂದೇ ಗೆರೆ ನನಗೆ ಇಂದಿಗೂ ಗುರು.

ಒಳ್ಳೆಯ ಮರ ಈಗಲೇ ಕೊಯ್ಯಬೇಡಿ. ಪ್ಲೈವುಡ್ಡಿನಲ್ಲಿ ಎರಡು ಪಕ್ಕಗಳನ್ನು ಕೊಯ್ದು, ಅಡ್ಡಪಟ್ಟಿ ಜೋಡಿಸಿ, ನೇಯುವ ಪಟ್ಟಿ ಬಿಗಿದು, ಅರ್ಧ ಗಂಟೆ ಓದುತ್ತಾ ಕೂರಿ. ತೊಡೆ ಜೋಮು ಹಿಡಿದರೆ ಮುಂದಿನ ಅಂಚನ್ನು ಒಂದು ಬೆರಳು ತಗ್ಗಿಸಿ, ಮತ್ತೆ ಕೂರಿ.